ಒಬ್ಬರೇ ಬ್ರೇಕ್ ಬ್ಲೀಡಿಂಗ್ ಮಾಡುವ ಕೈಪಂಪು: ಹಳೆಯ ಪಿಕಪ್ ಮೇಲೆ ಬಳಸಿ ನೋಡಿದ್ದು

ನನ್ನ ಪಿಕಪ್‌ನ ಹಿಂದಿನ ಎಡ ಚಕ್ರದ ಒಳಮೈ ಒದ್ದೆಯಾಗಿದ್ದುದು ಕಣ್ಣಿಗೆ ಬಿದ್ದ ದಿನವೇ ಗಾಡಿಯನ್ನು ನಿಲ್ಲಿಸಿಬಿಟ್ಟೆ. ಬ್ರೇಕ್ ಡ್ರಮ್ ಬಿಚ್ಚಿದರೆ, ಬ್ರೇಕ್ ಶೂಗಳನ್ನು ಡ್ರಮ್‌ಗೆ ಒತ್ತುವ ವೀಲ್ ಸಿಲಿಂಡರ್‌ನ ರಬ್ಬರ್ ಕಪ್ ಸವೆದು, ಬ್ರೇಕ್ ಆಯಿಲ್ ಸೋರಿ, ಶೂ ಮೇಲಿನ ಲೈನರ್ ಪೂರ್ತಿ ತೊಯ್ದಿತ್ತು. ಆಯಿಲ್ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕುವವರಿದ್ದಾರೆ, ನಾನು ಹಾಕುವುದಿಲ್ಲ. ಹಿಂದಿನ ಎರಡೂ ಚಕ್ರಗಳ ಸಿಲಿಂಡರ್ ಮತ್ತು ಶೂ ಬದಲಾಯಿಸಿದೆ. ಉಳಿದದ್ದು ಬ್ರೇಕ್ ಆಯಿಲ್ ಲೈನ್‌ನೊಳಗಿನ ಗಾಳಿ ತೆಗೆಯುವ ಕೆಲಸ, ಅದೇ ಬ್ಲೀಡಿಂಗ್. ಹಗಲು ಹೊತ್ತಿನಲ್ಲಿ ಪೆಡಲ್ ತುಳಿಯಲು ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಆಯಿಲನ್ನೂ ಗಾಳಿಯನ್ನೂ ಹೊರಗೆ ಹೀರುವ ಈ ಕೈಪಂಪನ್ನು ತರಿಸಿದೆ.

ಪೆಟ್ಟಿಗೆಯಲ್ಲಿ ಪಿಸ್ತೂಲಿನಂತೆ ಹಿಡಿಯುವ ಪಂಪು, ಅದರ ನೆತ್ತಿಯ ಮೇಲೊಂದು ಮೀಟರು, ಆಯಿಲ್ ಬಂದು ಬೀಳುವ ಸಣ್ಣ ಡಬ್ಬಿ, ಪಾರದರ್ಶಕ ಪೈಪುಗಳು, ಬ್ಲೀಡಿಂಗ್ ನಿಪ್ಪಲ್ (ಚಕ್ರದ ಬಳಿ ಗಾಳಿ, ಆಯಿಲ್ ಹೊರಬಿಡುವ ಟೊಳ್ಳು ಸ್ಕ್ರೂ) ಮೇಲೆ ಕೂರಿಸುವ ರಬ್ಬರ್ ತುದಿಗಳು ಇವೆ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿದೆ. ಏರಿದ ಮುಳ್ಳು ಐದು ನಿಮಿಷ ಕದಲಲಿಲ್ಲ. ಪಂಪು ಗಟ್ಟಿಯಾಗಿದೆ.

ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಆರಂಭಿಸಿದೆ. ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದ ಕೂಡಲೇ ಕಡು ಕಂದು ಬಣ್ಣದ ಹಳೆಯ ಆಯಿಲ್ ಸರಸರನೆ ಬಂತು. ಡಬ್ಬಿ ಎರಡು ಸಲ ತುಂಬಿತು, ಆಯಿಲ್ ಹೊಸದರಂತೆ ತಿಳಿಯಾಯಿತು, ಆದರೂ ಗುಳ್ಳೆ ನಿಲ್ಲಲಿಲ್ಲ. ಪೈಪಿಗೆ ಟಾರ್ಚ್ ಹಿಡಿದು ಕುಳಿತೆ. ಗುಳ್ಳೆಗಳು ಸಾಸಿವೆಯಷ್ಟು ಸಣ್ಣವು, ಒಂದೇ ಅಳತೆಯವು, ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ಬರುತ್ತಿದ್ದವು. ಲೈನ್‌ನಲ್ಲಿ ಸಿಕ್ಕಿಬಿದ್ದ ಗಾಳಿ ಹಾಗೆ ಬರುವುದಿಲ್ಲ, ಅದು ದೊಡ್ಡ ಗುಳ್ಳೆಯಾಗಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಪಂಪು ಹೊರಗಿನ ಗಾಳಿಯನ್ನೇ ನಿಪ್ಪಲ್‌ನ ಥ್ರೆಡ್ ಸಂದಿನಿಂದ ಎಳೆದುಕೊಳ್ಳುತ್ತಿತ್ತು. ನಿಪ್ಪಲ್ ಕಳಚಿ, ಮೇಲ್ಭಾಗದ ಥ್ರೆಡ್‌ಗೆ ಕೊಳಾಯಿಯವರು ಬಳಸುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿ, ಕೆಳಗಿನ ತೂತಿಗೂ ಚೂಪು ತುದಿಗೂ ತಾಗದಂತೆ ನೋಡಿಕೊಂಡು ಮತ್ತೆ ಕೂರಿಸಿದೆ. ಸಾಲು ನಿಂತಿತು. ಪಂಪಿನ ಜೊತೆ ಬಂದ ಕೈಪಿಡಿಯಲ್ಲಿ ಈ ವಿಷಯದ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ತಿಳಿಯದವರು ಒಳ್ಳೆಯ ಆಯಿಲನ್ನು ಡಬ್ಬಿಗಟ್ಟಲೆ ಹೊರಗೆಳೆಯುತ್ತಲೇ ಇರುತ್ತಾರೆ. ನನಗೆ ಸಿಟ್ಟು ಬಂದದ್ದು ಇಲ್ಲಿಯೇ.

ಇನ್ನೊಂದು ದೋಷ ಆ ಡಬ್ಬಿಯದು. ಸ್ವಲ್ಪ ವಾಲಿದರೂ ಆಯಿಲ್ ಪಂಪಿನೊಳಗೆ ಹೋಗುತ್ತದೆ. ನಾನು ಅದನ್ನು ತಂತಿಯಿಂದ ಸ್ಪ್ರಿಂಗ್ ಪಟ್ಟಿಗೆ ನೆಟ್ಟಗೆ ಕಟ್ಟಿಕೊಂಡೆ. ಪಂಪು ಬೇಗ ಎಳೆಯುವುದರಿಂದ ಮಾಸ್ಟರ್ ಸಿಲಿಂಡರ್ ಮೇಲಿನ ಆಯಿಲ್ ಟ್ಯಾಂಕ್ ಖಾಲಿಯಾಗುವುದೂ ಬೇಗ. ಅಲ್ಲಿ ಮಟ್ಟ ಇಳಿದು ಗಾಳಿ ಹೊಕ್ಕರೆ ಮೊದಲಿನಿಂದ ಆರಂಭಿಸಬೇಕು.

ಆಯಿಲ್ ವಿಷಯ. ಟ್ಯಾಂಕ್ ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಎಂದಿತ್ತು, ನಾನು ಡಾಟ್ 4 ಹಾಕಿದೆ. ಎರಡೂ ಗ್ಲೈಕಾಲ್ ಜಾತಿಯವು, ಒಂದರೊಡನೊಂದು ಬೆರೆಯುತ್ತವೆ. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230. ಗಾಳಿಯ ತೇವ ಹೀರಿಕೊಂಡ ಮೇಲೆ ಅವು ಕ್ರಮವಾಗಿ 140 ಮತ್ತು 155ಕ್ಕೆ ಇಳಿಯಬಹುದು. ಆದ್ದರಿಂದ ಎಂದೋ ತೆರೆದಿಟ್ಟ ಡಬ್ಬಿಯನ್ನು ಮುಟ್ಟಲಿಲ್ಲ. ಸಿಲಿಕಾನ್ ಆಧಾರದ ಡಾಟ್ 5 ಇವುಗಳೊಡನೆ ಬೆರೆಯುವುದಿಲ್ಲ, ಅದನ್ನು ಹಾಕಲೇಬಾರದು.

ನಾಲ್ಕೂ ಚಕ್ರ ಮುಗಿದ ಮೇಲೂ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತಿತ್ತು, ಎರಡು ಸಲ ತುಳಿದರೆ ಮೇಲೆ ಬರುತ್ತಿತ್ತು. ಶೂ ಮತ್ತು ಡ್ರಮ್ ನಡುವೆ ಅಂತರ ಹೆಚ್ಚಾದರೂ ಹೀಗೇ ಆಗುತ್ತದೆ. ಆ ಅಂತರ ಹೊಂದಿಸುವ ಅಡ್ಜಸ್ಟರ್‌ನ ಹಲ್ಲುಚಕ್ರವನ್ನು ಶೂ ಡ್ರಮ್‌ಗೆ ಸವರುವವರೆಗೆ ತಿರುಗಿಸಿ, ಚಕ್ರ ಸಲೀಸಾಗಿ ಸುತ್ತುವಷ್ಟು ಹಿಂದಕ್ಕೆ ಬಿಟ್ಟೆ. ಪೆಡಲ್ ಎತ್ತರಕ್ಕೆ ಬಂತು. ಆದರೂ ಕಾಲಿಗೆ ಚೂರು ಮೆತ್ತಗೆ ಅನ್ನಿಸುತ್ತಿತ್ತು.

ಸಂಜೆ ಮಗಳು ಕಾಲೇಜಿನಿಂದ ಬಂದಳು. ಪೆಡಲ್ ಕೆಳಗೆ ಮರದ ತುಂಡು ಇಟ್ಟು ಅವಳನ್ನು ಕೂರಿಸಿದೆ. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ಎಂದೂ ಓಡಾಡದ ಜಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಪೆಡಲನ್ನು ತಳಕ್ಕೆ ತುಳಿದರೆ ರಬ್ಬರ್ ಅಲ್ಲಿ ಉಜ್ಜಿ ಹರಿಯಬಹುದು. "ಒತ್ತಮ್ಮ, ಹಿಡಿ, ನಾನು ಹೇಳುವವರೆಗೆ ಬಿಡಬೇಡ" ಎನ್ನುತ್ತಾ ನಿಪ್ಪಲ್ ಸಡಿಲಿಸಿದೆ. ಮೂರನೆಯ ಸಲಕ್ಕೆ ಹಿಂದಿನ ಎಡ ಚಕ್ರದಿಂದ ಕಡಲೆಕಾಳಿನ ಗಾತ್ರದ ಗುಳ್ಳೆಯೊಂದು ಪೈಪಿನಲ್ಲಿ ಜಾರಿಹೋಯಿತು. ಅಷ್ಟು ಹೊತ್ತು ಎಳೆದರೂ ಪಂಪಿಗೆ ಸಿಗದೆ ಉಳಿದ ಗಾಳಿ ಅದು.

ಹಳೆಯ ಆಯಿಲ್ ತೆಗೆದು ಹೊಸದು ತುಂಬಲು ಈ ಪಂಪನ್ನು ಧೈರ್ಯವಾಗಿ ಕೊಳ್ಳಿ, ನಾನೂ ಇಟ್ಟುಕೊಳ್ಳುತ್ತೇನೆ. ಕೊನೆಯ ಸುತ್ತನ್ನು ಮಾತ್ರ ಕಾಲಿನಿಂದಲೇ ಮಾಡಿ. ಎಂಜಿನ್ ಆರಿಸಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದೆ, ಕೆಳಗೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಗಾಡಿಯಡಿ ಮಲಗಿ ಟಾರ್ಚ್ ಬಿಟ್ಟು ನೋಡಿದೆ, ಚಕ್ರದ ಒಳಮೈ ಒಣಗಿತ್ತು.