ಕಾರಿನ ತಗಡಿಗೆ ಮಿಗ್ ಮಷಿನ್: ವರ್ಷಗಟ್ಟಲೆ ಬಳಸಿದ ಮೇಲೆ

ವೆಲ್ಡಿಂಗ್ ಮಷಿನ್ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 200 ಆಂಪ್ ಅಂತ ಅಚ್ಚಾಗಿರುತ್ತೆ. ಕಾರಿನ ಬಾಡಿ ಕೆಲಸಕ್ಕೆ ಆ ಅಂಕಿಯಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಹೊರಮೈ ತಗಡು ಹೆಚ್ಚಾಗಿ 0.7ರಿಂದ 1 ಮಿ.ಮೀ. ದಪ್ಪ ಇರುತ್ತೆ, ಅಷ್ಟೇ. ಹಾಗಾಗಿ ಕೊಳ್ಳುವಾಗ ಕೇಳಬೇಕಾದದ್ದು ಈ ಮಷಿನ್ ಎಷ್ಟು ಕೆಳಕ್ಕೆ ಇಳಿಯುತ್ತೆ, ಇಳಿದ ಮೇಲೂ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಜ್ವಾಲೆ) ತಡವರಿಸದೆ ನಿಲ್ಲುತ್ತಾ ಅಂತ. ನನ್ನದು 30 ಆಂಪ್‌ವರೆಗೆ ಇಳಿಯುವ ಇನ್ವರ್ಟರ್ ಮಿಗ್, ಅಂದರೆ ತಂತಿಯನ್ನು ತಾನೇ ನೂಕುತ್ತಾ ಕರಗಿಸಿ ಬೆಸೆಯುವ ಎಲೆಕ್ಟ್ರಾನಿಕ್ ಮಷಿನ್. ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್ ಇಟ್ಟೂ ನಡೆಯುತ್ತೆ, ಆ ಕೆಲಸದ ಪುಡಿ ಒಳಗೇ ತುಂಬಿದ, ಗ್ಯಾಸಿಲ್ಲದ ತಂತಿ ಹಾಕಿಯೂ ನಡೆಯುತ್ತೆ. ಬಾಗಿಲ ಕೆಳಗಿನ ಸಿಲ್, ತುಕ್ಕು ತಿಂದ ಫ್ಲೋರ್, ಚಕ್ರದ ಮೇಲಿನ ಕಮಾನು, ಹೀಗೆ ಮನೆಯಲ್ಲಿ ಮಾಡಬಹುದಾದ ಟಿಂಕರಿಂಗ್ ಎಲ್ಲ ಇದರಲ್ಲೇ ಸಾಗಿದೆ.

ರಾಡ್ ವೆಲ್ಡಿಂಗ್ ಮಷಿನ್ ಹೇಗೂ ಮನೆಯಲ್ಲಿದೆ, ಅದರಲ್ಲೇ ಮುಗಿಸೋಣ ಅನ್ನುವವರಿಗೆ ಒಂದು ಮಾತು: ಗೇಟಿಗೆ ಅದು ಸರಿ, ತಗಡಿಗೆ ಮುಟ್ಟಿಸಿದರೆ ತೂತು. ಟಿಗ್ (ಒಂದು ಕೈಯಲ್ಲಿ ಟಂಗ್‌ಸ್ಟನ್ ಮೊನೆಯ ಟಾರ್ಚ್, ಇನ್ನೊಂದರಲ್ಲಿ ತುಂಬುವ ಕಡ್ಡಿ ಹಿಡಿಯುವ ವೆಲ್ಡಿಂಗ್) ಬೇರೆಯೇ ಲೆಕ್ಕ. ಅದರ ಬೆಸುಗೆ ಮೆತ್ತಗಿರುತ್ತೆ, ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಬಹುದು. ಆದರೆ ತಗಡು ಕನ್ನಡಿಯಂತೆ ಶುಚಿಯಾಗಿರಬೇಕು, ಎರಡೂ ಕೈ ಬೇಕು, ಕೆಲಸ ನಿಧಾನ. ತುಕ್ಕು ಉದುರುವ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಟಿಗ್ ಹಿಡಿಯುವ ತಾಳ್ಮೆ ನನಗಂತೂ ಇಲ್ಲ.

ಮಷಿನ್‌ನಷ್ಟೇ ಮುಖ್ಯ ತಂತಿ. 0.6 ಮಿ.ಮೀ. ತಂತಿ, ಆರ್ಗಾನ್‌ಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸ್: ತೆಳು ತಗಡಿಗೆ ಇದಕ್ಕಿಂತ ಹಿತವಾದ ಜೋಡಿ ನಾನು ಕಂಡಿಲ್ಲ. ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಬೆಸುಗೆ ಕೂರುತ್ತೆ, ಆದರೆ ಕಿಡಿ ಜಾಸ್ತಿ, ಆಳಕ್ಕೂ ಜಾಸ್ತಿ ಇಳಿಯುತ್ತೆ. ಗ್ಯಾಸಿಲ್ಲದ ತಂತಿಯನ್ನು ಬಯಲಲ್ಲಿ, ಗಾಳಿ ಬೀಸುವಾಗ, ದಪ್ಪ ಬ್ರಾಕೆಟ್‌ಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅದಕ್ಕೆ ಬದಲಾಯಿಸುವಾಗ ಮಷಿನ್ ಒಳಗಿನ ಧ್ರುವವನ್ನೂ ತಿರುಗಿಸಬೇಕು: ಕೈಯಲ್ಲಿ ಹಿಡಿಯುವ ಟಾರ್ಚ್‌ಗೆ ನೆಗೆಟಿವ್, ತಗಡಿಗೆ ಕಚ್ಚಿಸುವ ಅರ್ಥ್ ಕ್ಲಾಂಪ್‌ಗೆ ಪಾಸಿಟಿವ್. ಗ್ಯಾಸ್ ತಂತಿಗೆ ಇದರ ಉಲ್ಟಾ. "ಮಷಿನ್ ಬರೀ ಕಿಡಿ ಉಗುಳುತ್ತೆ" ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲೇ ಬಗೆಹರಿಯುತ್ತವೆ.

ಈಗ ಬೈಗುಳದ ಸರದಿ. ತಂತಿ ನೂಕುವ ರೋಲರ್ ಜೋಡಣೆ ಪೂರಾ ಪ್ಲಾಸ್ಟಿಕ್. ಒತ್ತಡದ ತಿರುಪು ಸ್ವಲ್ಪ ಸಡಿಲಾದರೆ ರೋಲರ್ ಜಾರುತ್ತೆ, ತಂತಿ ನಿಂತು ನಿಂತು ಬರುತ್ತೆ, ಟಾರ್ಚ್ ತುದಿಯಲ್ಲಿ ತಂತಿ ಹೊರಬರುವ ಟಿಪ್‌ಗೆ ಅಂಟಿ ಸುಡುತ್ತೆ. ಬಿಗಿ ಮಾಡಿದರೆ ತೆಳು ತಂತಿ ಒಳಗೇ ಸುರುಳಿ ಸುತ್ತಿ ಗಂಟಾಗುತ್ತೆ. ಕೊನೆಗೆ ಒತ್ತುವ ತೋಳು ಬಿರುಕು ಬಿಟ್ಟಿತು. ಬಿಡಿಭಾಗ ಕೇಳಿದರೆ ಮಾರಿದವರ ಉತ್ತರ, "ಹೊಸ ಮಷಿನ್ ತಗೊಳ್ಳಿ". ಲೋಹದ ತೋಳು ಹುಡುಕಿ ಕೂರಿಸಿದ ಮೇಲೆ ಮಷಿನ್ ಬೇರೆಯದೇ ಆಯಿತು. ಆದ್ದರಿಂದ ಅಂಗಡಿಯಲ್ಲೇ ಪಕ್ಕದ ಮುಚ್ಚಳ ತೆಗೆಸಿ ನೋಡಿ. ರೋಲರ್‌ನಲ್ಲಿ ತಂತಿ ಕೂರುವ ಕಚ್ಚಿಗೆ 0.6 ಅಂತ ಗುರುತಿದೆಯಾ, ಟಾರ್ಚ್ ಬಿಚ್ಚಿ ಬದಲಿಸಲು ಬರುತ್ತಾ, 5 ಕೆ.ಜಿ. ತಂತಿಯ ಸ್ಪೂಲ್ ಹಿಡಿಸುತ್ತಾ? ಜೊತೆಗೆ ಬಂದ ಅರ್ಥ್ ಕ್ಲಾಂಪ್ ಕೂಡ ತೆಳು ತಗಡಿನದು, ಹಲ್ಲು ಕಚ್ಚುತ್ತಿರಲಿಲ್ಲ. ಅದನ್ನೂ ಬದಲಿಸಿದೆ.

ಡ್ಯೂಟಿ ಸೈಕಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 20% ಅಂದರೆ ಅದರ ಜೊತೆ ಬರೆದ ಆಂಪ್‌ನಲ್ಲಿ 10 ನಿಮಿಷಕ್ಕೆ 2 ನಿಮಿಷ ಬೆಸೆಯಬಹುದು, ಉಳಿದ ಹೊತ್ತು ಮಷಿನ್ ತಣಿಯಬೇಕು. ತಗಡಿನ ಮೇಲೆ ಅಷ್ಟು ಹೊತ್ತು ಯಾರೂ ಒಂದೇ ಸಮ ಎಳೆಯುವುದಿಲ್ಲ.

ಎಳೆಯಲೂಬಾರದು. ಟ್ರಿಗರ್ ಒತ್ತಿ, ಚುಕ್ಕೆ ತಗಡಿಗೆ ಕರಗಿ ಹರಡಿದ ಕ್ಷಣ ಬಿಡಿ. ಕೆಂಪು ಮಂಕಾಗುವುದನ್ನು ಮಾಸ್ಕ್ ಒಳಗಿಂದಲೇ ನೋಡಿ, ಮುಂದಿನ ಚುಕ್ಕೆಯನ್ನು ಪ್ಯಾಚ್‌ನ ಆ ಕೊನೆಗೆ ಇಡಿ, ಆಮೇಲೆ ನಡುವೆ, ಮತ್ತೆ ಈ ಕೊನೆಗೆ. ಹೀಗೆ ಚುಕ್ಕೆಗಳ ನಡುವಿನ ಸಂದು ತುಂಬುತ್ತಾ ಬಂದರೆ ತಗಡು ಸೊಟ್ಟಗಾಗುವುದು ಬಹಳ ಕಡಿಮೆ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತಿನ ಅಂಚೂ ತುಂಬಿಕೊಳ್ಳುತ್ತೆ, ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ. ಮಿಗ್ ಬೆಸುಗೆ ಗಟ್ಟಿ. ಗ್ರೈಂಡರ್ ಹಿಡಿಯುವಾಗ ಚುಕ್ಕೆಯ ತಲೆ ಮಾತ್ರ ಸವೆಸಿ, ಪಕ್ಕದ ತಗಡನ್ನು ತೆಳ್ಳಗೆ ಮಾಡಬೇಡಿ.

ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕ್ಲಾಂಪನ್ನು ಬೆಸುಗೆಯ ಹತ್ತಿರವೇ ಹಾಕಿ. ತಗಡಿನ ಹಿಂಬದಿಯಲ್ಲಿ ಕಾರ್ಪೆಟ್, ಫೋಮ್, ಪೆಟ್ರೋಲ್ ಪೈಪು ಇದೆಯಾ ನೋಡಿ, ಬೆಂಕಿ ಆರಿಸುವ ಸಾಧನ ಕೈಗೆಟುಕುವಲ್ಲಿರಲಿ. ಸತು ಲೇಪಿಸಿದ ತಗಡಾದರೆ ಲೇಪ ಉಜ್ಜಿ ತೆಗೆಯಿರಿ. ಅದರ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೆ ಆರ್ಕ್ ಹಚ್ಚಲೇಬೇಡಿ. ಅದರಿಂದ ಫಾಸ್ಜೀನ್ ಹುಟ್ಟುತ್ತೆ, ಅದು ಜೀವ ತೆಗೆಯುವ ವಿಷಾನಿಲ.

ಸೀಟ್ ಬೆಲ್ಟ್ ಬಿಗಿಯುವ ಜಾಗ, ಸಸ್ಪೆನ್ಷನ್ ಕೂರುವ ಭಾಗ, ಹೊಸ ಕಾರುಗಳ ಛಾವಣಿ ಹೊರುವ ಕಂಬಗಳಲ್ಲಿರುವ ಹೈ-ಸ್ಟ್ರೆಂಗ್ತ್ ಸ್ಟೀಲ್, ಇವುಗಳಿಗೆ ನಾನು ಈ ಮಷಿನ್ ಹಿಡಿಯುವುದಿಲ್ಲ. ಅವು ತಯಾರಕರ ರಿಪೇರಿ ವಿಧಾನ ಗೊತ್ತಿರುವವರ ಕೆಲಸ. ಉಳಿದದ್ದಕ್ಕೆ ಈ ಮಷಿನ್‌ಗೆ ಐದರಲ್ಲಿ ನಾಲ್ಕು ಅಂಕ. ಹೋದ ಒಂದು ಆ ಪ್ಲಾಸ್ಟಿಕ್ ತೋಳಿಗೆ.