ಹಳೆಯ ಪ್ರಿಂಟರ್‌ಗೆ ‘ವೈಫೈ ಲೈಸೆನ್ಸ್’ ಬೇಕೆಂದು ಯಾರಾದರೂ ಹೇಳಿದರೆ ಕೂಡಲೇ ಫೋನ್ ಇಟ್ಟುಬಿಡಿ

ಪ್ರಿಂಟರ್‌ನ ವೈಫೈಗೆ ಲೈಸೆನ್ಸ್ ಎಂಬುದು ಇಲ್ಲ. ಅದಕ್ಕೆ ಅವಧಿ ಇಲ್ಲ, ನವೀಕರಣ ಇಲ್ಲ, ವರ್ಷಕ್ಕೆ ಇಷ್ಟು ಎಂಬ ಶುಲ್ಕವೂ ಇಲ್ಲ. ಈ ಒಂದು ಮಾತು ತಿಳಿಯದೆ ನಾನು 4,999 ರೂಪಾಯಿ ಕಳೆದುಕೊಂಡೆ. ಹಣಕ್ಕಿಂತ ಹೆಚ್ಚಾಗಿ, ನನ್ನನ್ನು ನಂಬಿ ತಮ್ಮ ಕಾಗದಪತ್ರಗಳನ್ನು ಕೊಟ್ಟಿದ್ದ 42 ಜನ ಕೂಲಿಕಾರ್ಮಿಕರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನನ್ನು ವಂಚಿಸಿದವರ ಫೋನ್ ಸಂಖ್ಯೆ ಇನ್ನೂ ಚಾಲ್ತಿಯಲ್ಲಿದೆ.

ನಾನು ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ದೂರದ ಒಂದು ಕಾಫಿ ತೋಟದಲ್ಲಿ 19 ವರ್ಷಗಳಿಂದ ರೈಟರ್, ಎಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ಶನಿವಾರ ಬಟವಾಡೆ. ಭಾನುವಾರ ಗೋಣಿಕೊಪ್ಪಲಿನ ಸಂತೆಯಾದ್ದರಿಂದ ಶನಿವಾರ ಸಂಜೆಯೊಳಗೆ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಕೈಗೆ ಹಣ ಸೇರಲೇಬೇಕು, ಅದಕ್ಕೂ ಮೊದಲು ಹಾಜರಿ ಪಟ್ಟಿ ಮತ್ತು ಬಟವಾಡೆ ಪಟ್ಟಿ ಮುದ್ರಣಗೊಂಡು ಸಹಿಗೆ ಸಿದ್ಧವಾಗಿರಬೇಕು. ನಮ್ಮ ಆಫೀಸಿನ ಪ್ರಿಂಟರ್ 2013ರಲ್ಲಿ ಕೊಂಡದ್ದು. ಹಳೆಯದಾದರೂ ಗಟ್ಟಿಯಾದ ಯಂತ್ರ, ವೈಫೈ ಕೂಡ ಇದೆ, ಇಷ್ಟು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದ ಕಾರಣ ಮಾಲೀಕರು ಹೊಸ ಲ್ಯಾಪ್‌ಟಾಪ್ ತರಿಸಿದ್ದರು. ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಹಳೆಯ ರೌಟರ್ ಸುಟ್ಟುಹೋಗಿ ಹೊಸದೂ ಬಂದಿತ್ತು. ಲ್ಯಾಪ್‌ಟಾಪ್ ಹೊಸದು, ರೌಟರ್ ಹೊಸದು, ಪ್ರಿಂಟರ್ ಮಾತ್ರ ಹಳೆಯದು, ಅದು ವೈಫೈಯಲ್ಲಿ ಮುದ್ರಿಸುವುದನ್ನೇ ನಿಲ್ಲಿಸಿತು. ಕೆಲವು ವಾರ ಪೆನ್‌ಡ್ರೈವ್ ಹಿಡಿದುಕೊಂಡು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಿ ಬಂದೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದ ಮೇಲೆ ಅದೂ ಕಷ್ಟವಾಯಿತು. ಒಂದು ಶುಕ್ರವಾರ ಮಧ್ಯಾಹ್ನ, ಇಂದು ಇದನ್ನು ಸರಿಮಾಡಿಯೇ ಬಿಡಬೇಕೆಂದು ಕುಳಿತೆ.

ಪ್ರಿಂಟರ್ ಕಂಪನಿಯ ಹೆಸರಿನ ಜೊತೆಗೆ ‘ಸಹಾಯವಾಣಿ’ ಎಂದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಜಾಹೀರಾತು. ಅದರಲ್ಲಿ ಕಂಪನಿಯ ಗುರುತು ಇತ್ತು, ದೊಡ್ಡ ಅಕ್ಷರಗಳಲ್ಲಿ ಫೋನ್ ಸಂಖ್ಯೆ ಇತ್ತು. ಅದು ಹಣ ಕೊಟ್ಟು ಯಾರು ಬೇಕಾದರೂ ಹಾಕಿಸಬಹುದಾದ ಜಾಹೀರಾತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು, ಅದೂ ಒಳ್ಳೆಯ ಕನ್ನಡದಲ್ಲಿ. ಕನ್ನಡದ ಧ್ವನಿ ಕೇಳಿದ್ದೇ ನನಗೆ ಅರ್ಧ ನಂಬಿಕೆ ಬಂದುಬಿಟ್ಟಿತು. ಇದನ್ನು ಒಪ್ಪಿಕೊಳ್ಳುತ್ತೇನೆ.

ಆತ ಕೇಳಿದ ಮೊದಲ ಪ್ರಶ್ನೆ, “ಸಾರ್, ನಿಮ್ಮ ಪ್ರಿಂಟರ್ ಎಷ್ಟು ವರ್ಷ ಹಳೆಯದು?” ಹೇಳಿದೆ. “ಅದೇ ಸಾರ್ ಸಮಸ್ಯೆ. ಹಳೆಯ ಪ್ರಿಂಟರ್‌ಗಳ ಕ್ಲೌಡ್ ಸೇವೆ 2020ರ ಕೊನೆಗೇ ನಿಂತುಹೋಗಿದೆ. ಬೇಕಿದ್ದರೆ ನೀವೇ ಹುಡುಕಿ ನೋಡಿ” ಎಂದ. ಹುಡುಕಿದೆ. ಗೂಗಲ್ ಕ್ಲೌಡ್ ಪ್ರಿಂಟ್ ಎಂಬ ಸೇವೆ 2020ರ ಡಿಸೆಂಬರ್ 31ಕ್ಕೆ ನಿಂತದ್ದು ನಿಜವೇ ಆಗಿತ್ತು. ಇಲ್ಲಿಯೇ ನಾನು ಬಿದ್ದದ್ದು. ಆತ ಹೇಳಿದ ಒಂದು ಮಾತು ನಿಜವೆಂದು ಕಣ್ಣಾರೆ ಕಂಡ ಮೇಲೆ ಉಳಿದ ಹತ್ತು ಮಾತುಗಳನ್ನು ಪರೀಕ್ಷಿಸಬೇಕೆಂದು ಅನ್ನಿಸಲೇ ಇಲ್ಲ. ಆ ಸೇವೆ ಇಂಟರ್‌ನೆಟ್ ಮೂಲಕ ದೂರದಿಂದ ಮುದ್ರಿಸುವುದಕ್ಕೆ ಇದ್ದದ್ದು. ಒಂದೇ ಕೋಣೆಯಲ್ಲಿರುವ ಲ್ಯಾಪ್‌ಟಾಪಿನಿಂದ ರೌಟರ್ ಮೂಲಕ ಪ್ರಿಂಟರ್‌ಗೆ ಹೋಗುವ ಕಾಗದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ನನಗೆ ತಿಳಿದದ್ದು ಆಮೇಲೆ.

ನಂತರ ಒಂದು ತಂತ್ರಾಂಶವನ್ನು ಇಳಿಸಿಕೊಳ್ಳಲು ಹೇಳಿ, ಅದರಲ್ಲಿ ಕಾಣುವ ಸಂಖ್ಯೆಯನ್ನು ಓದಲು ಹೇಳಿದ. ಓದಿದೆ. ಅಲ್ಲಿಂದ ಮೌಸ್ ನನ್ನ ಕೈಯಲ್ಲಿರಲಿಲ್ಲ, ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು. ಆತ ಈವೆಂಟ್ ವ್ಯೂವರ್ ಎಂಬುದನ್ನು ತೆರೆದು ಕೆಂಪು ಮತ್ತು ಹಳದಿ ಗುರುತುಗಳ ಉದ್ದನೆಯ ಪಟ್ಟಿ ತೋರಿಸಿ, “ನೋಡಿ ಸಾರ್, ಇಷ್ಟೊಂದು ದೋಷಗಳಿವೆ, ನಿಮ್ಮ ನೆಟ್‌ವರ್ಕ್ ಪೂರ್ತಿ ಹಾಳಾಗಿದೆ” ಎಂದ. ಎದೆ ಧಸಕ್ಕೆಂದಿತು. ಯಾವುದೇ ತೊಂದರೆಯಿಲ್ಲದ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದರೂ ಅಲ್ಲಿ ಅಂಥ ಗುರುತುಗಳು ರಾಶಿಯಾಗಿ ಕಾಣಿಸುತ್ತವೆ. ಅದು ಬರೇ ದಿನಚರಿ ಪುಸ್ತಕವಿದ್ದಂತೆ. ಇದನ್ನು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೂ ಹೇಳಿಡಿ.

“ವೈಫೈ ಲೈಸೆನ್ಸ್ ಅವಧಿ ಮುಗಿದಿದೆ ಸಾರ್. ಮೂರು ವರ್ಷಕ್ಕೆ 4,999. ಇಂದೇ ಕಟ್ಟಿದರೆ ನೆಟ್‌ವರ್ಕ್ ಶುದ್ಧೀಕರಣ ಉಚಿತ.” ನಾನು ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದೆ. “ಕೇಳಿ ಸಾರ್, ಆದರೆ ನಾಳೆ ಬೆಳಿಗ್ಗೆ ಈ ಪ್ರಿಂಟರ್ ಶಾಶ್ವತವಾಗಿ ಲಾಕ್ ಆಗುತ್ತದೆ” ಎಂದ. ನಾಳೆ ಬಟವಾಡೆ. ನನ್ನ ಸ್ವಂತ ಖಾತೆಯಿಂದಲೇ ಕಟ್ಟಲು ಫೋನ್ ತೆರೆದೆ. ಹಣ ಪಡೆಯುವವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ಅದನ್ನು ನಾನು ನೋಡಿದೆ. ನೋಡಿ ಕೇಳಿಯೂ ಕೇಳಿದೆ. “ಅದು ನಮ್ಮ ಅಕೌಂಟ್ಸ್ ಮ್ಯಾನೇಜರ್ ಹೆಸರು ಸಾರ್” ಎಂದ. ಒಂದು ಕ್ಷಣವೂ ತಡವರಿಸಲಿಲ್ಲ. ನಾನು ಪಿನ್ ಒತ್ತಿದೆ. ಪ್ರತಿ ವಾರ ಇಷ್ಟು ಜನರ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆಯುವವನು, ಹೆಸರು ಬೇರೆಯಿದೆ ಎಂದು ಕಂಡೂ ಪಿನ್ ಒತ್ತಿದೆ. ರಾತ್ರಿ ನಿದ್ದೆ ಬಾರದಿದ್ದಾಗ ಈಗಲೂ ನೆನಪಾಗುವುದು ಅದೇ ಕ್ಷಣ.

ಹಣ ಹೋದ ಮೇಲೆ ಆತ, “ಸೆಟ್ಟಿಂಗ್‌ಗಾಗಿ ಒಂದು ಸಲ ಯುಎಸ್‌ಬಿ ಕೇಬಲ್ ಹಾಕಿ ಸಾರ್” ಎಂದ. ಹಾಕಿದೆ. ಅರ್ಧ ನಿಮಿಷದಲ್ಲಿ ಪ್ರಿಂಟರ್ ಗರಗರ ಸದ್ದು ಮಾಡಿ ಒಂದು ಹಾಳೆಯನ್ನು ಹೊರಗೆ ತಳ್ಳಿತು. “ನೋಡಿ ಸಾರ್, ವೈರ್‌ಲೆಸ್ ಆಯಿತು!” ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಕೈಮುಗಿದು ಧನ್ಯವಾದ ಹೇಳಿದೆ. ಕೇಬಲನ್ನು ಕಿತ್ತು ಮಡಚಿ ಡ್ರಾಯರ್‌ನಲ್ಲಿಟ್ಟು, ಹಾಜರಿ ಪಟ್ಟಿಗೆ ಪ್ರಿಂಟ್ ಕೊಟ್ಟೆ. ಏನೂ ಬರಲಿಲ್ಲ. ಮತ್ತೆ ಕೊಟ್ಟೆ. ‘ಆಫ್‌ಲೈನ್’ ಎಂದು ಬಂತು. ಕೇಬಲ್ ಹಾಕಿದೆ, ಕೂಡಲೇ ಬಂತು. ಕಿತ್ತೆ, ನಿಂತಿತು. ಆಗ ಅರ್ಥವಾಯಿತು. ಆ ಹಾಳೆ ಬಂದದ್ದು ಕೇಬಲಿನ ಮೂಲಕ. ಕೇಬಲ್ ಸಿಕ್ಕಿಸಿದ ಕೂಡಲೇ ವಿಂಡೋಸ್ ತಾನಾಗಿಯೇ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಹಾಕಿಕೊಂಡು ಮುದ್ರಿಸಿತ್ತು. ಆತ ಮಾಡಿದ ಕೆಲಸ ಏನೂ ಇರಲಿಲ್ಲ. ಆ ಕೇಬಲ್ ವರ್ಷಗಳಿಂದ ನನ್ನ ಡ್ರಾಯರ್‌ನಲ್ಲೇ ಇತ್ತು.

ಮತ್ತೆ ಫೋನ್ ಮಾಡಿದೆ. ಅದೇ ಧ್ವನಿ. “ಸಾರ್, ನೀವು ತೆಗೆದುಕೊಂಡಿರುವುದು ಬೇಸಿಕ್ ಲೈಸೆನ್ಸ್. ಅದರಲ್ಲಿ ಕೇಬಲ್ ಮಾತ್ರ. ವೈರ್‌ಲೆಸ್‌ಗೆ ಇನ್ನು 3,500 ಆಗುತ್ತದೆ.” ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರೆ, “ನೀವು ಕೇಳಲಿಲ್ಲವಲ್ಲ ಸಾರ್.” ಹಣ ವಾಪಸ್ ಕೊಡಿ ಎಂದರೆ, “ಖಂಡಿತ ಸಾರ್, ನಿಮ್ಮ ಬ್ಯಾಂಕಿನ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆಯಿರಿ, ಈಗಲೇ ಹಾಕುತ್ತೇನೆ.” ಧ್ವನಿಯಲ್ಲಿ ಸಿಟ್ಟಿಲ್ಲ, ಅಳುಕಿಲ್ಲ, ಪ್ರತಿ ಮಾತಿಗೂ ಸಾರ್. ನಾನು ಬ್ಯಾಂಕಿನ ಪುಟ ತೆರೆಯದೆ ಮಾತನಾಡುತ್ತಲೇ ಇದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಬಾಣ ತಾನಾಗಿ ಸರಿದು ‘ಬಟವಾಡೆ’ ಎಂಬ ಫೋಲ್ಡರ್ ತೆರೆಯಿತು. ಅದರೊಳಗೆ ಎಲ್ಲ ಕಾರ್ಮಿಕರ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು ಇದ್ದವು. ನಾನು ರೌಟರಿನ ವಯರನ್ನೇ ಕಿತ್ತೆಸೆದೆ. ಆತ ಏನನ್ನಾದರೂ ತೆಗೆದುಕೊಂಡನೋ ಇಲ್ಲವೋ, ಇಂದಿಗೂ ತಿಳಿದಿಲ್ಲ.

ಆಮೇಲೆ ಮಾಡಿದ ತಪ್ಪು ಮೊದಲಿನದಕ್ಕಿಂತ ದೊಡ್ಡದು. ಎರಡು ದಿನ ಯಾರಿಗೂ ಹೇಳಲಿಲ್ಲ. ಸೋಮವಾರ ಮಾಲೀಕರಿಗೆ ಹೇಳಿದಾಗ ಅವರು ಬೈಯಲಿಲ್ಲ. “ಅವತ್ತೇ 1930ಕ್ಕೆ ಫೋನ್ ಮಾಡಬಾರದಿತ್ತೇ ರೈಟರೇ?” ಎಂದು ಮಾತ್ರ ಕೇಳಿದರು. 1930 ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಹಣ ಹೋದ ಕೂಡಲೇ ತಿಳಿಸಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಸೋಮವಾರ ನಾನು ಫೋನ್ ಮಾಡುವಷ್ಟರಲ್ಲಿ ಅದು ದಾಟಿಹೋಗಿತ್ತು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ನಂತರ ಲೈನ್ ಮನೆಗಳಿಗೆ ಹೋಗಿ ಒಬ್ಬೊಬ್ಬರಿಗೂ ನಡೆದದ್ದನ್ನು ಹೇಳಿ, ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದವರ ಆಧಾರ್ ಬೆರಳಚ್ಚನ್ನು ಬೇರೆಯವರು ಬಳಸದಂತೆ ಎಂ-ಆಧಾರ್ ಆ್ಯಪ್ ಮೂಲಕ ಲಾಕ್ ಮಾಡಿಸಿದೆ. ಒಬ್ಬ ಅಜ್ಜಿ, “ನಮ್ಮ ದುಡ್ಡು ಹೋಗುತ್ತದಾ ರೈಟರೇ?” ಎಂದು ಕೇಳಿದರು. ಅವರಿಗೆ ಏನೆಂದು ಉತ್ತರಿಸಲಿ?

ಪ್ರಿಂಟರನ್ನು ಕೊನೆಗೆ ಸರಿಮಾಡಿದ್ದು ಗೋಣಿಕೊಪ್ಪಲಿನ ಕಂಪ್ಯೂಟರ್ ಅಂಗಡಿಯ ಹುಡುಗ. ತೆಗೆದುಕೊಂಡದ್ದು 300 ರೂಪಾಯಿ. ಮೊದಲು ಲ್ಯಾಪ್‌ಟಾಪಿನಲ್ಲಿದ್ದ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟ. ಬಳಿಕ ಪ್ರಿಂಟರಿನ ಗುಂಡಿಗಳಿಂದಲೇ ಅದರ ನೆಟ್‌ವರ್ಕ್ ವರದಿಯನ್ನು ಮುದ್ರಿಸಿ ನನ್ನ ಕೈಗಿತ್ತು, “ನೋಡಿ ರೈಟರಣ್ಣ, ಇದು ಇನ್ನೂ ಸುಟ್ಟುಹೋದ ರೌಟರನ್ನೇ ಹುಡುಕುತ್ತಿದೆ” ಎಂದ. ಹೌದು, ಅದರಲ್ಲಿ ಹಳೆಯ ರೌಟರಿನ ಹೆಸರೇ ಇತ್ತು. ನಮ್ಮ ಪ್ರಿಂಟರ್ ಕಾಲದ ಯಂತ್ರಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಆವರ್ತನದ ವೈಫೈಯನ್ನು ಮಾತ್ರ ಗುರುತಿಸುತ್ತವೆ, 5 ಗಿಗಾಹರ್ಟ್ಸ್ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಹೊಸ ರೌಟರಿನಲ್ಲಿ ಎರಡಕ್ಕೂ ಒಂದೇ ಹೆಸರಿತ್ತು, ಜೊತೆಗೆ ಭದ್ರತೆಯನ್ನು ಡಬ್ಲ್ಯೂಪಿಎ3 ಎಂಬ ಹೊಸ ಬಗೆಗೆ ಮಾತ್ರ ಹೊಂದಿಸಲಾಗಿತ್ತು, ಹಳೆಯ ಪ್ರಿಂಟರ್‌ಗೆ ಅದು ತಿಳಿಯದು. ಆ ಹುಡುಗ 2.4ಕ್ಕೆ ಬೇರೆ ಹೆಸರಿಟ್ಟು, ಭದ್ರತೆಯನ್ನು ಹಳೆಯ ಬಗೆಯಾದ ಡಬ್ಲ್ಯೂಪಿಎ2ಕ್ಕೆ ಬದಲಿಸಿ, ಹೆಸರು ಮತ್ತು ಪಾಸ್‌ವರ್ಡನ್ನು ಪ್ರಿಂಟರಿನ ಮೆನುವಿನಲ್ಲಿ ತುಂಬಿದ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗೆ ಹೋಗಿ ಬಂದಾಗ ರೌಟರ್ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕಿನೊಳಗಿನ ಗುರುತು ಸಂಖ್ಯೆ) ಕೊಡಬಹುದು, ಲ್ಯಾಪ್‌ಟಾಪ್ ಹಳೆಯ ವಿಳಾಸದಲ್ಲೇ ಹುಡುಕುತ್ತಾ ‘ಆಫ್‌ಲೈನ್’ ಎನ್ನುತ್ತದೆ. ಅದಕ್ಕಾಗಿ ರೌಟರಿನಲ್ಲಿ ಪ್ರಿಂಟರ್‌ಗೆಂದು ಒಂದು ವಿಳಾಸವನ್ನು ಕಾಯ್ದಿರಿಸಿ, ಲ್ಯಾಪ್‌ಟಾಪಿನಲ್ಲಿ ಅದೇ ವಿಳಾಸದಿಂದ ಪ್ರಿಂಟರನ್ನು ಸೇರಿಸಿದ. ಅಷ್ಟೇ ಕೆಲಸ. ಅಷ್ಟಕ್ಕೇ.

ನಿಮ್ಮ ಹಳೆಯ ಪ್ರಿಂಟರಿನಲ್ಲಿ ವೈಫೈ ಇಲ್ಲವೇ ಇಲ್ಲದಿದ್ದರೆ ಯಾವ ಲೈಸೆನ್ಸೂ ಅದನ್ನು ತಂದುಕೊಡಲಾರದು. ವೈಫೈ ಎಂಬುದು ಯಂತ್ರದೊಳಗಿನ ಒಂದು ರೇಡಿಯೊ ಚಿಪ್, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆಗ ಪ್ರಿಂಟರನ್ನು ಒಂದು ಕಂಪ್ಯೂಟರಿಗೆ ಕೇಬಲಿನಿಂದ ಜೋಡಿಸಿ ಅಲ್ಲಿಂದ ಉಳಿದ ಲ್ಯಾಪ್‌ಟಾಪ್‌ಗಳಿಗೆ ಹಂಚಿಕೊಳ್ಳಬಹುದು, ಅಥವಾ ಪ್ರಿಂಟರನ್ನು ನೆಟ್‌ವರ್ಕಿಗೆ ಜೋಡಿಸುವ ಪ್ರಿಂಟ್ ಸರ್ವರ್ ಎಂಬ ಸಣ್ಣ ಪೆಟ್ಟಿಗೆಯನ್ನು ಕೊಳ್ಳಬಹುದು. ಸಹಾಯವಾಣಿಯ ಸಂಖ್ಯೆಯನ್ನು ಪ್ರಿಂಟರಿನ ಬಿಲ್ಲಿನಿಂದಲೋ ಪುಸ್ತಿಕೆಯಿಂದಲೋ ತೆಗೆದುಕೊಳ್ಳಿ, ಹುಡುಕಾಟದಲ್ಲಿ ಬರುವ ಜಾಹೀರಾತಿನಿಂದ ಬೇಡ. ಗುರುತಿಲ್ಲದವರ ಕೈಗೆ ನಿಮ್ಮ ಪರದೆಯನ್ನು ಕೊಡಬೇಡಿ. ಕೊಡಬೇಡಿ ಎಂದು ಮತ್ತೊಮ್ಮೆ ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ಪರದೆಯ ಹಿಂದೆ ನಿಮ್ಮ ಹಣ ಮಾತ್ರವಲ್ಲ, ಬೇರೆಯವರ ಕಾಗದಗಳೂ ಇರುತ್ತವೆ.

ಕಳೆದ ಮಂಗಳವಾರ, ಆ ಸಂಖ್ಯೆಯನ್ನು ಯಾರಾದರೂ ನಿಲ್ಲಿಸಿದ್ದಾರೆಯೇ ಎಂದು ತಿಳಿಯಲು ಅಂಗಡಿಯ ಫೋನಿನಿಂದ ಕರೆ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ಅದೇ ಧ್ವನಿ, ಅದೇ ಒಳ್ಳೆಯ ಕನ್ನಡ. “ಹೇಳಿ ಸಾರ್, ನಿಮ್ಮ ಪ್ರಿಂಟರ್ ಎಷ್ಟು ವರ್ಷ ಹಳೆಯದು?”