ತೂಕ ಕೇಳದ ಪಟ್ಟಿ: ಪೀಕ್ ಫ್ಲೋ ಮೀಟರ್ ಬಳಕೆಯ ಎಂಟು ತಿಂಗಳು

ಬಾಲ್ಯದಲ್ಲಿ ಒಮ್ಮೆಯೂ ಉಬ್ಬಸ ಕಾಣದಿದ್ದ ನನಗೆ 41ನೇ ವಯಸ್ಸಿನಲ್ಲಿ, ಮೈತೂಕ 96 ಕಿಲೋಗೆ ಏರಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 33 ಮುಟ್ಟಿದ ಮೇಲೆ, ಬೆಳಗಿನ ಜಾವದ ಕೆಮ್ಮು ಹಾಗೂ ಎದೆಯಲ್ಲಿ ಸುಂಯ್ ಎನ್ನುವ ಸದ್ದು ಆರಂಭವಾದವು. ಸ್ಪೈರೊಮೆಟ್ರಿ ಎಂಬ ಉಸಿರಾಟದ ಪರೀಕ್ಷೆ ಮಾಡಿಸಿ ಅಸ್ತಮಾ ಎಂದು ಖಚಿತಪಡಿಸಿಕೊಂಡ ವೈದ್ಯರು, ಇನ್‌ಹೇಲರ್ ಜೊತೆಗೆ ಮನೆಯಲ್ಲಿ ಊದಿ ನೋಡಲು, ಉಸಿರನ್ನು ಎಷ್ಟು ವೇಗವಾಗಿ ಹೊರಹಾಕಬಲ್ಲೆವೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಬರೆದುಕೊಟ್ಟರು.

ಬ್ಯಾಟರಿ ಬೇಡದ ಪ್ಲಾಸ್ಟಿಕ್ ಕೊಳವೆಯಿದು. ನಿಮಿಷಕ್ಕೆ 60ರಿಂದ 800 ಲೀಟರ್‌ವರೆಗಿನ ಅಳತೆ ಅದರ ಮೈಮೇಲಿದೆ. ಸೂಚಕವನ್ನು ತಳಕ್ಕೆ ಸರಿಸಿ, ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಮ್ಮೆಲೇ ಊದಬೇಕು. ಮೂರು ಸಲ ಊದಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಬೇಕು. ಮೊದಲ ವಾರ ನಾನು ಉಗುಳುವವನಂತೆ ಬಾಯಿಯಿಂದಷ್ಟೇ ಊದಿ, ಅಂಕಿ ಸುಳ್ಳೇ ಏರಿ, ಇಲ್ಲದ ಆರೋಗ್ಯವನ್ನು ಕಾಗದದ ಮೇಲೆ ತೋರಿಸಿಕೊಂಡಿದ್ದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಜೊತೆಯಲ್ಲಿ ಬಂದ ಪಟ್ಟಿಯ ಬಗ್ಗೆ. ನಿರೀಕ್ಷಿತ ಅಂಕಿಯನ್ನು ಹೇಳಲು ಅದು ವಯಸ್ಸು, ಎತ್ತರ ಮತ್ತು ಲಿಂಗವನ್ನು ಕೇಳುತ್ತದೆಯೇ ಹೊರತು ತೂಕವನ್ನು ಕೇಳುವುದಿಲ್ಲ. ಲೆಕ್ಕದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಏಳು ಅಧ್ಯಯನಗಳ 3.33 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬಿಎಂಐ 25 ಅಥವಾ ಹೆಚ್ಚಿರುವ ವಯಸ್ಕರಿಗೆ ಹೊಸದಾಗಿ ಅಸ್ತಮಾ ಬರುವ ಸಂಭವ ಸುಮಾರು ಒಂದೂವರೆ ಪಟ್ಟು ಎಂದೂ ತೂಕ ಏರಿದಷ್ಟೂ ಅದು ಏರುತ್ತದೆ ಎಂದೂ ಕಂಡುಬಂದಿತ್ತು. ಹೊಟ್ಟೆ ಮತ್ತು ಎದೆಗೂಡಿನ ಬೊಜ್ಜು ವಪೆಯನ್ನು (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು) ಒತ್ತುವುದರಿಂದ ಉಸಿರು ಬಿಟ್ಟಾಗ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗಿ ಸಣ್ಣ ಶ್ವಾಸನಾಳಗಳು ಕಿರಿದಾಗುತ್ತವೆ. ಕೊಬ್ಬಿನ ಅಂಗಾಂಶ ಸ್ರವಿಸುವ ಲೆಪ್ಟಿನ್‌ನಂಥ ವಸ್ತುಗಳಿಗೂ ಉರಿಯೂತಕ್ಕೂ ನಂಟಿದೆ. ಇಂಥ ಅಸ್ತಮಾದಲ್ಲಿ ಸ್ಟಿರಾಯ್ಡ್ ಇನ್‌ಹೇಲರ್ ಕೆಲವರಿಗೆ ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ. ಕೈಪಿಡಿಯಲ್ಲಿ ಇದಕ್ಕೊಂದು ಸಾಲಾದರೂ ಇರಬೇಕಿತ್ತು.

ಹಾಗಿದ್ದೂ ಈ ಕೊಳವೆಯನ್ನು ನಾನು ಮೆಚ್ಚುವುದು ಎರಡು ಬಗೆಯ ಏದುಸಿರನ್ನು ಬೇರ್ಪಡಿಸಿಕೊಟ್ಟದ್ದಕ್ಕೆ. ನನ್ನ ಅತ್ಯುತ್ತಮ ಅಂಕಿ 440. ಮೆಟ್ಟಿಲು ಹತ್ತಿ ಏದುಸಿರು ಬಂದಾಗ ಊದಿದರೆ 420 ತೋರಿಸುತ್ತಿತ್ತು. ಕೆಮ್ಮಿನಿಂದ ಎಚ್ಚರವಾದ ನಸುಕಿನಲ್ಲಿ 310, ಅಂದರೆ ಅತ್ಯುತ್ತಮ ಅಂಕಿಯ ಶೇ. 80ರ ಗೆರೆಗಿಂತ ಕೆಳಗೆ, ಎಚ್ಚರಿಕೆಯ ಹಳದಿ ವಲಯ. ಮೊದಲನೆಯದು ಭಾರ ಹೊತ್ತ ದೇಹದ ದಣಿವು, ಎರಡನೆಯದು ಅಸ್ತಮಾ. ಅಲ್ಲಿಯವರೆಗೆ ಎರಡಕ್ಕೂ ತಕ್ಷಣದ ಉಪಶಮನದ ನೀಲಿ ಇನ್‌ಹೇಲರನ್ನೇ ಎಳೆಯುತ್ತಿದ್ದೆ. ದಾಖಲೆ ನೋಡಿದ ವೈದ್ಯರು ಔಷಧ ಹೆಚ್ಚಿಸುವ ಮೊದಲು ತೂಕದ ಮಾತೆತ್ತಿದರು. ಒಂಬತ್ತು ಕಿಲೋ ಇಳಿದ ಮೇಲೆ ನಸುಕಿನ ಅಂಕಿ 380ಕ್ಕಿಂತ ಕೆಳಗೆ ಹೋಗಿಲ್ಲ. ಇನ್‌ಹೇಲರನ್ನು ಕ್ರಮವಾಗಿ ಬಳಸಿದ್ದೂ ಇದೇ ಅವಧಿಯಲ್ಲಾದ್ದರಿಂದ ಇದರ ಶ್ರೇಯವನ್ನೆಲ್ಲ ತೂಕಕ್ಕೇ ಕೊಡಲಾರೆ.

ದೋಷಗಳು ಇಲ್ಲದಿಲ್ಲ. ಓದುವ ಮುನ್ನ ಕೊಳವೆ ಕೊಂಚ ಅಲುಗಿದರೂ ಸೂಚಕ ಜಾರುತ್ತದೆ. ಹೆಬ್ಬೆರಳು ತಾಗುವ ಕಡೆ 400ರ ಆಸುಪಾಸಿನ ಅಂಕಿಗಳು ಮಾಸಿವೆ. ಮಾದರಿಯಿಂದ ಮಾದರಿಗೆ ಅಳತೆ ವ್ಯತ್ಯಾಸವಾಗುವುದರಿಂದ ಕೊಂಡವರು ಒಂದನ್ನೇ ಬಳಸುವುದು ಒಳ್ಳೆಯದು. ಜೊತೆಗಿದ್ದ ದಿನಚರಿ ಹಾಳೆಯಲ್ಲೂ ತೂಕಕ್ಕೆ ಅಂಕಣವಿಲ್ಲ; ವಾರಕ್ಕೊಮ್ಮೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೇನೆ.